ತಿಂಡಿಕೋಣೆಯ ಹಸಿ ಗೋಡೆ

ಇದು ಮೋಸವೇ? ಅಥವಾ ತನಗೇ ಎಲ್ಲದರಲ್ಲೂ ಅನುಮಾನವೇ?

ತಿಂಡಿಕೋಣೆಯ ಗೋಡೆಯ ಮೇಲೆ ಹೊಸದಾಗಿ ಮೆತ್ತಿದ ಮಣ್ಣು ಇನ್ನೂ ಹಸಿಯಾಗಿತ್ತು. ಜೆನೈದಾ ಅದನ್ನು ಬೆರಳಿನಿಂದ ಒತ್ತಿ ನೋಡಿದಳು. ಇವತ್ತು ಹನ್ನೊಂದು ಗಂಟೆಗೆ ಕ್ರಯಪತ್ರಕ್ಕೆ ಸಹಿ. ಆಮೇಲೆ ಸಾಂತಾ ಫೆ ಊರಿನ ಈ ಹಳೆಯ ಮಣ್ಣುಗೋಡೆಯ ಅತಿಥಿಗೃಹ, ಅದರ ಆರು ಕೋಣೆಗಳು, ನಲವತ್ತು ವರ್ಷಗಳಿಂದ ತಪ್ಪದೆ ಬರುವ ಅತಿಥಿಗಳು... ಎಲ್ಲ ಅವಳದೇ!

ಆದರೆ ಸಹಿಯ ಹಿಂದಿನ ದಿನ ಯಾರಾದರೂ ಗೋಡೆಗೆ ತೇಪೆ ಹಾಕುತ್ತಾರೆಯೇ? ಒಳಗೆ ನೀರು ಕುಡಿದು ಪುಡಿಯಾಗಿದ್ದರೆ?

"ಲೆಯಾಂದ್ರೋ!"

ಅಡುಗೆಮನೆಯಿಂದ ಅವನು ಬಂದ. ಇಲ್ಲಿ ಅಡುಗೆಯವನೂ ಅವನೇ, ರಿಪೇರಿಯವನೂ ಅವನೇ. ಮೂರು ವಾರದಿಂದ ಮನೆ ನೋಡಲು ಬಂದಾಗಲೆಲ್ಲ ಅವಳ ಕಣ್ಣು ಮೊದಲು ಹುಡುಕುತ್ತಿದ್ದುದೂ ಅವನನ್ನೇ... ಆ ನೆನಪೇ ಈಗ ಅವಳನ್ನು ಇನ್ನಷ್ಟು ಉರಿಸಿತು.

"ಏನು ಮುಚ್ಚಿಟ್ಟಿದ್ದೀರಿ ಇಲ್ಲಿ?"

"ಸಿಮೆಂಟ್ ಕಿತ್ತೆ. ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದ್ರೆ ಉಸಿರುಗಟ್ಟುತ್ತೆ. ಊರಿನ ಗೋಡೆಗಳಿಗೆಲ್ಲ ಗಿಲಾವು ಮಾಡ್ತಿದ್ದ ಅಜ್ಜಿಯ ಮೊಮ್ಮಗಳಿಗೆ ನಾನು ಹೇಳ್ಬೇಕಾ?"

"ಗೊತ್ತು! ಆದ್ರೆ ಇಷ್ಟಗಲ ಜಾಗಕ್ಕೆ ಇಷ್ಟು ದಪ್ಪ ಮಣ್ಣು ಯಾಕೆ?"

ಅವನು ತಲೆ ತಗ್ಗಿಸಿದ. ಅಂಗಿಗೆ ಕೈ ಒರೆಸಿಕೊಂಡ.

ಕಿಟಕಿಯ ಬಳಿ ಕೂತಿದ್ದ ಮುದಿ ಮಾಲಕಿ ಕ್ರೆಸೆನ್ಸಿಯಾ ಕಿಸಕ್ಕನೆ ನಕ್ಕರು. "ಅವನ ಬಾಯಿ ಬಿಡಿಸೋದಕ್ಕಿಂತ ಗೋಡೆ ಒಡೆಯೋದು ಸುಲಭ, ಮಗಳೇ. ಅವನಮ್ಮ ಇಲ್ಲಿ ಅಡುಗೆ ಮಾಡ್ತಿದ್ದ ಕಾಲದಿಂದ್ಲೂ ಹೀಗೇ."

ಜೆನೈದಾ ಮೇಜಿನ ಮೇಲಿದ್ದ ಚಮಚ ಎತ್ತಿಕೊಂಡು ಕೆರೆದಳು. ಮಣ್ಣು ಉದುರಿತು. ಅದರ ಹಿಂದೊಂದು ಬಟ್ಟೆ. ಎಳೆದಳು.

ಕಲ್ಲಿನಂಥ ಹಳೆಯ ಗೋಡೆ! ಅದರಲ್ಲಿ ಎರಡು ಪುಟ್ಟ ಬಲಗೈಗಳ ಅಚ್ಚು. ಒಂದರ ಕಿರುಬೆರಳು ಸೊಟ್ಟ.

ಅವಳು ತನ್ನ ಸೊಟ್ಟ ಕಿರುಬೆರಳನ್ನು ಅದರ ಮೇಲಿಟ್ಟಳು.

"ಇದು... ನಂದು!"

ಇಲ್ಲಿ ಗಿಲಾವಿಗೆ ಬಂದಿದ್ದ ಅಜ್ಜಿಯ ಮಣ್ಣಿನ ಬಕೆಟ್ಟು, ಗೋಡೆ ಹಾಳುಮಾಡಿದ್ದಕ್ಕೆ ಬೆನ್ನಿಗೆ ಬಿದ್ದ ಗುದ್ದು... ಎಲ್ಲ ನೆನಪಾಯಿತು. ನಗುವೂ ಅಳುವೂ ಒಟ್ಟಿಗೇ ಬಂದವು.

"ಯಾಕೆ ಮುಚ್ಚಿದ್ರಿ?"

"ಇದನ್ನ ನೋಡಿದ್ರೆ ಮನಸ್ಸು ಕರಗಿ ಮನೆ ಕೊಂಡ್ಬಿಡ್ತೀರಿ. ಮನೆ ಗಟ್ಟಿಯಾಗಿದೆ ಅಂತ ಕೊಳ್ಬೇಕು. ಸಹಿ ಆದ್ಮೇಲೆ ತೋರಿಸೋಣ ಅಂತಿದ್ದೆ."

ಇವನನ್ನು ಮೋಸಗಾರ ಅಂದುಕೊಂಡೆನಲ್ಲ!

"ಸಹಿ ಆದ್ಮೇಲೆ ನೀವು ಹೊರಟುಬಿಡ್ತೀರಂತೆ?"

"ಹೊಸ ಮಾಲಕಿ ಬೇಡ ಅಂದ್ರೆ."

"ಬೇಕು ಅಂದ್ರೆ?" ಅವಳ ದನಿ ಇಳಿಯಿತು. "ಬರೀ ಅಡುಗೆಗಲ್ಲ..."

ಅವನ ಕಿವಿ ಕೆಂಪಾಯಿತು. "ಮೂರು ವಾರದಿಂದ ದಿನಾ ಒಂದು ತಟ್ಟೆ ಜಾಸ್ತಿ ತಿಂಡಿ ಮಾಡ್ತಿದ್ದೀನಿ. ನೀವು ಬಂದ್ರೂ ಬರಬಹುದು ಅಂತ."

"ನೀನು ಬರದ ದಿನ ಅದನ್ನ ತಿಂದಿದ್ದು ನಾನು! ನನ್ನ ಸ್ಕರ್ಟೇ ಬಿಗಿಯಾಗಿದೆ," ಎಂದು ಕ್ರೆಸೆನ್ಸಿಯಾ ಗೊಣಗುತ್ತ, ಕಾಗದಪತ್ರ ತರಲು ಎದ್ದು ಹೋದರು.

ಅವನು ಬಿಸಿ ತಟ್ಟೆ ತಂದಿಟ್ಟ. "ಮೊಟ್ಟೆ ಮೇಲೆ ಯಾವ ಮೆಣಸಿನಕಾಯಿ ಸಾರು? ಕೆಂಪೋ, ಹಸಿರೋ?"

"ಎರಡೂ! ಇವತ್ತು ನಂಗೆ ಎಲ್ಲಾ ಬೇಕು!" ಎಂದವಳು ಮತ್ತೆ ಗೋಡೆಯತ್ತ ತಿರುಗಿದಳು. "ಪಕ್ಕದ ಕೈ ಯಾರದ್ದು? ನಮ್ಮ ದೊಡ್ಡಪ್ಪನ ಮಗಂದೇ ಇರ್ಬೇಕು. ಅವನೂ ಅಜ್ಜಿ ಬಾಲ."

"ತಿನ್ನಿ, ಆರುತ್ತೆ."

"ನೀವೂ ಕೂತ್ಕೊಳ್ಳಿ. ಇನ್ಮೇಲೆ ಎರಡು ತಟ್ಟೆ."

ಅವನು ಕೂತ. ಹನ್ನೊಂದಕ್ಕೆ ಅವಳು ಸಹಿ ಹಾಕಿದಳು. ಆ ಗೋಡೆಗೆ ಮತ್ತೆಂದೂ ಮಣ್ಣು ಮೆತ್ತಲಿಲ್ಲ.

ಅವಳ ಕೈಯ ಪಕ್ಕದಲ್ಲಿದ್ದ ಆ ಇನ್ನೊಂದು ಪುಟ್ಟ ಕೈ ತನ್ನದೆಂದು ಲೆಯಾಂದ್ರೋ ಎಂದೂ ಹೇಳಲಿಲ್ಲ.