ಬಸ್ಸಿಗೆ ದುಂಡು ಗಾಲಿ

ರೇಷ್ಮೆ ದಾರದ ಒಂದು ಲಡಿಗೆ ಎರಡಾಣೆ. ಒಂದು ಆನೆಯ ಕಸೂತಿ ಹಾಕಲು ಅರ್ಧ ಲಡಿ ಸಾಕು, ಗೋಪುರಕ್ಕೆ ಪೂರ್ತಿ ಬೇಕು. ಬಸ್ಸಿಗೆ ಎಷ್ಟು ಬೇಕಾದೀತೆಂದು ಸುರೇಬಾನದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಸೂತಿಯಲ್ಲಿ ಬಸ್ಸು ಹಾಕಿದವರೇ ಇರಲಿಲ್ಲ.

ಸೋಮವ್ವ ಹಾಕಲು ಕುಳಿತಿದ್ದಳು. ಶಾಲೆಯ ಪ್ರದರ್ಶನದಲ್ಲಿ ಕಸೂತಿಗೆ ಮೊದಲು ಬಂದವರಿಗೆ ಬಣ್ಣಬಣ್ಣದ ರೇಷ್ಮೆ ದಾರದ ಡಬ್ಬಿ ಬಹುಮಾನ. ಅದು ಅವಳಿಗೆ ಬೇಕೇ ಬೇಕಿತ್ತು.

ಕಿಟಕಿ, ಬಾಗಿಲು, ಹಿಂದಿನ ಏಣಿ ಎಲ್ಲ ಚೆನ್ನಾಗಿ ಬಂದವು. ಗಾಲಿ ಮಾತ್ರ ಬರಲಿಲ್ಲ. ಬಟ್ಟೆಯ ಎಳೆ ಎಣಿಸಿ ಹಾಕುವ ಕಸೂತಿ ನೇರ ಹೋಗುತ್ತದೆ, ಓರೆ ಹೋಗುತ್ತದೆ, ದುಂಡಗೆ ತಿರುಗುವುದಿಲ್ಲ. ಗಾಲಿ ಚೌಕವಾಗಿ ಕುಳಿತವು.

"ಇದೇನ ಸೋಮಿ, ಗಾಲಿ ಬದ್ಲಿ ಸಂದೂಕ ಕಟ್ಟೀಯೇನ?" ಎಂದಳು ಗೆಳತಿ ಜೈಬುನ್ನಿಸಾ. ಅವಳಪ್ಪ ಹಜರತಸಾಬ ರಾಮದುರ್ಗದ ಬಸ್ಸಿನ ಡ್ರೈವರ್. "ಇದನ್ನ ನಮ್ಮ ಅಬ್ಬಾ ಓಡಿಸಿದ್ರ ಕುಂತವ್ರ ಹಲ್ಲೆಲ್ಲಾ ಉದರತಾವ."

ಸೋಮವ್ವ ಅಜ್ಜಿಯ ಹತ್ತಿರ ಹೋದಳು. ಅವಳಿಗೆ ಕಸೂತಿ ಕಲಿಸಿದವಳು ಅಜ್ಜಿ ತಾಯವ್ವನೇ.

"ಆಯಿ, ದುಂಡಗ ಹೆಂಗ ಹಾಕೂದು?"

"ಕಸೂತ್ಯಾಗ ದುಂಡ ಇಲ್ಲವಾ. ನಮ್ಮವ್ವ ಆನಿ ಹಾಕಿದ್ಲು, ನಾ ಆನಿ ಹಾಕಿದೆ. ನೀನೂ ಸುಮ್ನ ಆನಿ ಹಾಕು."

"ಆನಿ ನಮ್ಮೂರಿಗೆ ಬರಂಗಿಲ್ಲ ಆಯಿ. ಬಸ್ ದಿನಾ ಬರತೈತಿ."

ಸೋಮವ್ವ ಚೌಕ ಗಾಲಿ ಬಿಚ್ಚಿದಳು. ಶಾಲೆಯಲ್ಲಿ ಶಾಂತಾಬಾಯಿ ಅಕ್ಕೋರು ಸರಪಳಿ ಹೊಲಿಗೆ ಕಲಿಸಿದ್ದರು. ಅದು ಬಳ್ಳಿಯಂತೆ ಎತ್ತ ಬೇಕಾದರೂ ಬಾಗುತ್ತದೆ. ಅಂಗಿಯ ಗುಂಡಿ ಇಟ್ಟು ಗೆರೆ ಎಳೆದು, ಅದರ ಮೇಲೆ ಸರಪಳಿ ಹಾಕಿದಳು. ಈಗ ಗಾಲಿ ಉರುಳುವಂತಿದ್ದವು.

ಪ್ರದರ್ಶನದ ದಿನ ಎರಡು ಮೇಜು ಹಾಕಿದ್ದರು. ಒಂದು ಕಸೂತಿಗೆ, ಇನ್ನೊಂದು ಎಂಬ್ರಾಯ್ಡರಿಗೆ. ಅಕ್ಕೋರು ಸೋಮವ್ವನ ಬಟ್ಟೆ ಹಿಡಿದು ನಿಂತುಬಿಟ್ಟರು.

"ಇದನ್ನ ಎಲ್ಲಿ ಇಡ್ಲಿ? ಬಸ್ ಕಸೂತಿ, ಗಾಲಿ ಎಂಬ್ರಾಯ್ಡರಿ. ಗಾಲಿ ಬಿಚ್ಚಿ ಚೌಕ ಮಾಡು. ಕಸೂತ್ಯಾಗ ನಿಂದ ಮದಲ ನಂಬರ."

ಸೋಮವ್ವ ಡಬ್ಬಿಯತ್ತ ನೋಡಿದಳು. ಅದರೊಳಗಿನ ಹಸಿರು ದಾರ ಎಳೆಯ ಬಾಳೆಎಲೆಯ ಹಾಗಿತ್ತು.

"ಗಾಲಿ ಬಿಚ್ಚಂಗಿಲ್ರಿ ಅಕ್ಕೋರ. ಬಸ್ ನಿಂತುಬಿಡತೈತ್ರಿ."

"ಹಂಗಾದ್ರ ನಂಬರ ಇಲ್ಲ ನೋಡು."

"ಇರಲಿ ಬಿಡ್ರಿ."

ಅಕ್ಕೋರು ಬಟ್ಟೆಯನ್ನು ಯಾವ ಮೇಜಿನ ಮೇಲೂ ಇಡದೆ ಕಿಟಕಿಯ ಕಟ್ಟೆಯ ಮೇಲೆ ಹಾಸಿದರು.

ಮಧ್ಯಾಹ್ನ ತಾಯವ್ವ ನೋಡಲು ಬಂದಳು. ಕಸೂತಿ ಬಲ್ಲವರು ಮೊದಲು ನೋಡುವುದು ಬಟ್ಟೆಯ ಹಿಂಬದಿಯನ್ನು. ಅಲ್ಲಿ ಗಂಟು ಇರಬಾರದು ಎಂಬುದು ಕಟ್ಟಳೆ. ಅವಳು ಬಸ್ಸನ್ನು ಮಗುಚಿ ಬೆರಳಾಡಿಸಿದಳು. ಗಾಲಿಯ ಹತ್ತಿರ ಬೆರಳು ನಿಂತಿತು.

"ಗಂಟ ಹಾಕೀದಿ."

"ಹೂಂ ಆಯಿ. ಸರಪಳಿಗೆ ಮದಲ ಗಂಟ ಹಾಕಬೇಕಂತ."

ತಾಯವ್ವ ಮುಂದೆ ತಿರುಗಿಸಿದಳು, ಮತ್ತೆ ಹಿಂದೆ ತಿರುಗಿಸಿದಳು. ಸೋಮವ್ವ ಬೈಗುಳಕ್ಕೆ ಕಾದಳು.

"ಗಾಲಿ ಇರಲಿ. ಗಂಟ ಬ್ಯಾಡ. ಗಂಟಿಲ್ದ ಸರಪಳಿ ಹೆಂಗ ಬರತೈತಿ ಇಬ್ರೂ ಕೂಡಿ ನೋಡೂನು. ಆ ಹೊಲಿಗಿ ನನಗ ಬರಂಗಿಲ್ಲ, ನೀನ ತೋರ್ಸು."

ಸೂಜಿಯ ಕೆಲಸದಲ್ಲಿ ಆಯಿ ಹೀಗೆ 'ಬರಂಗಿಲ್ಲ' ಎಂದದ್ದನ್ನು ಸೋಮವ್ವ ಎಂದೂ ಕೇಳಿರಲಿಲ್ಲ.

ದಾರದ ಡಬ್ಬಿ ಗೋಪುರದ ಕಸೂತಿ ಹಾಕಿದವಳಿಗೆ ಹೋಯಿತು. ಸಂಜೆ ಪಡಸಾಲೆಯಲ್ಲಿ ಅಜ್ಜಿ ಮೊಮ್ಮಗಳು ಗಾಲಿ ಬಿಚ್ಚಿ, ದಾರದ ತುದಿಯನ್ನು ಎಳೆಗಳ ನಡುವೆ ಸಿಗಿಸಿ ಮತ್ತೆ ಹಾಕಿದರು.

ಬಹುಮಾನ ಹೋಗಿತ್ತು, ಗಂಟೂ ಹೋಗಿತ್ತು. ಗಾಲಿ ದುಂಡಗೇ ಉಳಿದವು.