ಜಾಲರಿಯ ಆಚೆ ಕೆಮ್ಮಿದ ಬಡಗಿ

"ಫಾದರ್... ನಾನು ಪಾಪ ಮಾಡಿದೀನಿ. ಬದುಕು ಸಾಕಾಗಿದೆ. ನನ್ನನ್ನ ಬೇಗ ಕರ್ಕೋ ಅಂತ ದಿನಾ ದೇವರನ್ನ ಕೇಳ್ತಿದೀನಿ..."

ಚರ್ಚಿನ ಪಾಪನಿವೇದನೆಯ ಗೂಡಿನಲ್ಲಿ ಮಂಡಿಯೂರಿದ್ದ ಸಿಸ್ಟರ್ ಬಿಕ್ಕಿದರು. ಜಾಲರಿಗೆ ಹಣೆಯೊತ್ತಿ ಮುಂದುವರಿಸಿದರು.

"ಕೆಲಸದಲ್ಲಿದ್ದಾಗ ಊರಿಗೆಲ್ಲ ಬೇಕಾಗಿದ್ದೆ. ರಿಟೈರ್ ಆದೆ ನೋಡಿ, ಈಗ ಯಾರಿಗೂ ಬೇಡ. ನನಗೇ ನಾನು ಬೇಡ!"

ಆಚೆಯಿಂದ ಒಂದು ಕೆಮ್ಮು ಬಂತು. ಅಯ್ಯೋ, ಅದು ಫಾದರ್ ಕೆಮ್ಮಲ್ಲ!

ಸಿಸ್ಟರ್ ದಡಕ್ಕನೆ ಎದ್ದು ಆ ಬದಿಯ ಪರದೆ ಸರಿಸಿದರು. ನರೆತ ಮೀಸೆಯ ಗಂಡಸೊಬ್ಬರು ಸ್ಕ್ರೂಡ್ರೈವರ್ ಹಿಡಿದು, ಮೈಯೆಲ್ಲ ಮರದ ಪುಡಿ ಮಾಡಿಕೊಂಡು ನೆಲದ ಮೇಲೆ ಕುಳಿತಿದ್ದರು.

"ಯಾರ್ರೀ ನೀವು?! ನಾಚಿಕೆ ಆಗಲ್ವಾ?"

"ನಾನು ಬಡಗಿ ಅಮ್ಮ... ಫಾದರ್ ಕುರ್ಚಿ ಕಾಲು ಅಲ್ಲಾಡ್ತಿತ್ತು. ಅವರಿನ್ನೂ ಬಂದಿಲ್ಲ ಅಂತ ಹೇಳೋಷ್ಟರಲ್ಲಿ ನೀವು ಶುರು ಮಾಡಿಬಿಟ್ರಿ."

"ಕೇಳಿಸ್ತಾ?"

ಬಡಗಿ ತಲೆ ತಗ್ಗಿಸಿದರು. ಅಂದರೆ ಅಷ್ಟೂ ಕೇಳಿಸಿದೆ!

ಸಿಸ್ಟರ್ ಯಾರೆಂದು ಈಗಲೇ ಹೇಳಿಬಿಡುತ್ತೇನೆ. ದೊಡ್ಡಾಸ್ಪತ್ರೆಯಲ್ಲಿ ಕೂದಲು ಬೆಳ್ಳಗಾಗುವವರೆಗೆ ನರ್ಸ್ ಆಗಿದ್ದವರು. ಗಂಡ ತೀರಿಹೋಗಿ ಬಹಳ ಕಾಲವಾಯಿತು, ಮಕ್ಕಳಿಲ್ಲ. ನೌಕರಿ ಮುಗಿದರೂ ಬಿಳಿ ಬಟ್ಟೆ ಬಿಟ್ಟಿರಲಿಲ್ಲ, ಜನ ಸಿಸ್ಟರ್ ಅನ್ನುವುದನ್ನೂ ಬಿಟ್ಟಿರಲಿಲ್ಲ.

ಮುಂದಿನ ಭಾನುವಾರ ಪೂಜೆ ಮುಗಿದದ್ದೇ ತಡ, ಫಾದರ್ ಕರೆದರು.

"ಸಿಸ್ಟರ್, ಹಾಸಿಗೆ ಹಿಡಿದವರ ಮನೆಗೆಲ್ಲ ಹೋಗಿ ಬರ್ತೀರಾ? ಒಂದಿಷ್ಟು ಆರೈಕೆ, ಒಂದು ಪ್ರಾರ್ಥನೆ. ಮಂಚ, ಊರುಗೋಲು ರಿಪೇರಿಗೆ ನಮ್ಮ ಹೊಸ ಬಡಗಿನೂ ಜೊತೆಗೆ ಬರ್ತಾರೆ."

ಸಿಸ್ಟರಿಗೆ ಮೈ ಉರಿಯಿತು. ಇಷ್ಟು ವರ್ಷ ಇಲ್ಲದ ಕರೆ ಈಗ್ಯಾಕೆ? ಆ ಮನುಷ್ಯನೇ ಫಾದರ್ ಕಿವಿ ಊದಿರಬೇಕು! 'ಪಾಪ, ಮುದುಕಿಗೆ ಹೊತ್ತು ಹೋಗಲ್ಲ, ಏನಾದ್ರೂ ಕೊಡಿ' ಅಂದಿರಬೇಕು!

ಆದರೂ ಹೋದರು. ಬೇಡ ಅನ್ನಲು ಬಾಯಿ ಬರಲಿಲ್ಲ.

ಮೊದಲ ಮನೆಯಲ್ಲಿ ಒಬ್ಬ ಅಜ್ಜಿ. ಮಲಗಿ ಮಲಗಿ ಬೆನ್ನೆಲ್ಲ ಹುಣ್ಣು, ಬಾಯಿ ಮಾತ್ರ ಗಟ್ಟಿ. ಸಿಸ್ಟರ್ ಬಿಸಿನೀರಲ್ಲಿ ಬೆನ್ನು ಒರೆಸಿದರು, ಮುಲಾಮು ಹಚ್ಚಿ ಮಗ್ಗುಲು ಬದಲಿಸಿದರು, ಹಣೆಯ ಮೇಲೆ ಕೈಯಿಟ್ಟು ಮೆಲ್ಲಗೆ ಪ್ರಾರ್ಥಿಸಿದರು. ಅಜ್ಜಿ ಮಗುವಿನ ಹಾಗೆ ನಿದ್ದೆ ಹೋದರು.

ಅಂದು ರಾತ್ರಿ ಸಿಸ್ಟರ್ ತಮ್ಮ ಹಾಸಿಗೆಯ ಪಕ್ಕ ಮಂಡಿಯೂರಿ, 'ಪ್ರಭುವೇ, ನಾಳೆ ಬೇಗ ಎಬ್ಬಿಸು, ಅಜ್ಜಿ ಕಾಯ್ತಿರ್ತಾರೆ' ಅಂದರು. ಅಂದ ಮೇಲೆ ತಾವೇ ಬೆಚ್ಚಿದರು. ಕರ್ಕೋ ಅನ್ನುವುದನ್ನು ಮರೆತೇಬಿಟ್ಟಿದ್ದರು!

ದಿನ ಕಳೆದಂತೆ ಕೆಲಸ ಹಿಡಿಸಿತು, ಅನುಮಾನ ಮಾತ್ರ ಬಲಿಯಿತು. ಯಾಕೆಂದರೆ ಈ ಬಡಗಿ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಸಿಸ್ಟರ್ ನೋಡಿದರೆ ಅವರ ಕಣ್ಣು ನೆಲಕ್ಕೆ. ಇವರು ಒಳಗೆ ಬಂದರೆ ಅವರು ಹೊರಗೆ. ಒಮ್ಮೆ ಕೈಗೆ ಕೈ ತಾಗಿತು, ಬಡಗಿ ಕೆಂಡ ಮುಟ್ಟಿದವರಂತೆ ಹಾರಿದರು!

'ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ತಪ್ಪು ಮಾಡದಿದ್ರೆ ಇಷ್ಟೊಂದು ಹೆದರಿಕೆ ಯಾಕೆ?'

ಎಷ್ಟು ಕಾಮಾಲೆ ರೋಗಿಗಳನ್ನು ನೋಡಿದವರೋ! ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುವುದು ತಮ್ಮ ವಿಷಯದಲ್ಲಿ ಹೊಳೆಯಲಿಲ್ಲ ನೋಡಿ.

ಅಷ್ಟರಲ್ಲಿ ಫಾದರ್ ಬಾಂಬ್ ಹಾಕಿದರು.

"ಬಡಗಿ ಇನ್ಮೇಲೆ ನಿಮ್ಮ ಜೊತೆ ಬರಲ್ಲವಂತೆ ಸಿಸ್ಟರ್. ಕಾರಣ ಕೇಳಿದ್ರೆ ಬಾಯೇ ಬಿಡ್ತಿಲ್ಲ."

ಸಿಸ್ಟರ್ ನೇರ ಅಜ್ಜಿಯ ಮನೆಗೆ ನಡೆದರು. ಬಡಗಿ ಬಾಗಿಲಲ್ಲಿ ಚೀಲಕ್ಕೆ ಉಳಿ, ಸುತ್ತಿಗೆ ತುಂಬುತ್ತಿದ್ದರು. ಈ ಕೆಲಸ ದೇವರು ಕರೆದು ಕೊಟ್ಟದ್ದೋ, ಇವರು ಕರುಣೆಯಿಂದ ಕೊಡಿಸಿದ ಭಿಕ್ಷೆಯೋ? ಭಿಕ್ಷೆಯಾಗಿದ್ದರೆ ಇವತ್ತೇ ಕೊನೆ. ಮತ್ತೆ ಆ ಖಾಲಿ ಮನೆ, ಆ ಹಳೇ ಪ್ರಾರ್ಥನೆ...

"ನಿಜ ಹೇಳಿ. ಅವತ್ತು ಕೇಳಿದ್ದನ್ನ ಫಾದರಿಗೆ ಹೇಳಿದ್ರಾ?"

"ಇಲ್ಲ. ಆ ಗೂಡಲ್ಲಿ ಕೇಳಿದ್ದು ಅಲ್ಲೇ ಇರ್ಬೇಕು."

"ಸುಳ್ಳು!"

"ಫಾದರಿಗೆ ಹೇಳಿಲ್ಲ... ಆದ್ರೆ ಹೇಳಿದ್ದಂತೂ ನಿಜ."

"ನೋಡಿದ್ರಾ! ಯಾರಿಗೆ?"

"ದೇವರಿಗೆ. ಆಯಮ್ಮನ ಮಾತು ಕೇಳ್ಬೇಡ ಸ್ವಾಮಿ, ಈಗಲೇ ಕರ್ಕೋಬೇಡ, ಇಲ್ಲೇ ಏನಾದ್ರೂ ಕೆಲಸ ಕೊಡು ಅಂತ. ಈಗಲೂ ದಿನಾ ಕೇಳ್ತೀನಿ."

ಸಿಸ್ಟರ್ ಬಾಗಿಲು ಹಿಡಿದು ನಿಂತುಬಿಟ್ಟರು. ತಾವು ಸಾವು ಕೇಳುತ್ತಿದ್ದಾಗ ಗುರುತು ಪರಿಚಯವಿಲ್ಲದ ಒಬ್ಬರು ತಮಗಾಗಿ ಬದುಕು ಕೇಳುತ್ತಿದ್ದರು... ದೇವರು ಆ ಮಾತನ್ನೇ ನಡೆಸಿಕೊಟ್ಟಿದ್ದ. ಕಣ್ಣೀರು ಧಾರಾಕಾರ ಹರಿಯಿತು.

"ಮತ್ತೆ... ನನ್ನ ಕಂಡ್ರೆ ಯಾಕೆ ದೂರ ಓಡ್ತೀರಿ?"

ಬಡಗಿ ಕೈಯಲ್ಲಿದ್ದ ಸುತ್ತಿಗೆಯ ಹಿಡಿ ಒರೆಸತೊಡಗಿದರು.

"ಹೆಂಡತಿ ಹೋದಮೇಲೆ ಸತ್ತುಹೋಗಿದ್ದ ಮನಸ್ಸು, ನಿಮ್ಮನ್ನ ನೋಡಿ... ಬೇಡ ಬಿಡಿ. ಅದು ಮಹಾಪಾಪ. ದೇವರಿಗೆ ಮುಡಿಪಾದವರ ಮೇಲೆ ಆಸೆ ಪಟ್ಟೆ."

"ಯಾರ್ರೀ ಮುಡಿಪಾದೋರು?"

"ನೀವೇ. ಸಿಸ್ಟರ್ ಅಲ್ವಾ? ಕನ್ಯಾಸ್ತ್ರೀ..."

ಒಳಗಿನಿಂದ ಅಜ್ಜಿಯ ಗಟ್ಟಿ ಬಾಯಿ ತೆರೆಯಿತು. "ಅಯ್ಯೋ ನಿನ್ನ ಬುದ್ಧಿಗಿಷ್ಟು! ಅವಳು ಸೂಜಿ ಚುಚ್ಚೋ ಸಿಸ್ಟರು ಕಣೋ!"

ಬಡಗಿಯ ಕೈಯಿಂದ ಸುತ್ತಿಗೆ ಜಾರಿತು. ಸಿಸ್ಟರ್ ಅಳುತ್ತಲೇ ನಕ್ಕರು. ಹೀಗೆ ಹೊಟ್ಟೆ ಹಿಡಿದುಕೊಂಡು ನಕ್ಕು ಯಾವ ಕಾಲವಾಗಿತ್ತೋ!

"ಹಾಗಾದ್ರೆ... ನಾನು ಕೇಳಿದ್ರೆ... ತಪ್ಪಿಲ್ವಾ?" ಬಡಗಿ ತೊದಲಿದರು. ಈ ಸಲ ಕಣ್ಣು ತಪ್ಪಿಸಲಿಲ್ಲ.

"ಮೊದಲು ಒಳಗೆ ಬನ್ನಿ. ಅಜ್ಜಿನ ಎತ್ತಿ ಕೂರಿಸ್ಬೇಕು, ಅವರ ಕೈ ಹಿಡ್ಕೊಳ್ಳಿ."

"ಅಜ್ಜಿ ಕೈ ಮಾತ್ರನಾ?"

ಸಿಸ್ಟರ್ ಕೆನ್ನೆ ಕೆಂಪಾಯಿತು.

"ಇವತ್ತಿಗೆ ಅಜ್ಜಿದು. ನನ್ನ ಕೈ ಫಾದರ್ ಮುಂದೆ ಹಿಡೀರಿ."