ಕಳುವಾದ ಮಿಂಚುಳ್ಳಿ

ಕಾರಿನ ಹಿಂದಿನ ಸೀಟು ಖಾಲಿ. ಕ್ಯಾಮೆರಾ ಬ್ಯಾಗ್ ಇಲ್ಲ.

"ಹೋಯ್ತು! ನನ್ನ ಮಿಂಚುಳ್ಳಿ ಹೋಯ್ತು!"

ಆನೇಕಲ್ ದಾರಿಯ ಕೆರೆ ಏರಿಯ ಮೇಲೆ ನಿಂತು ಅಂಜನ್ ಕೂಗಿದ. ಅವನು ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಎಂಜಿನಿಯರ್. ಭಾನುವಾರ ಬಂತೆಂದರೆ ಹಕ್ಕಿಗಳ ಬೆನ್ನು ಹತ್ತುವವನು.

ಆಗ ಕಾರಿನ ಹತ್ತಿರ ಇದ್ದವನು ಕೆರೆಯ ಕಾವಲುಗಾರ ಕಾಡಪ್ಪ ಒಬ್ಬನೇ. ರಾಯಚೂರು ಕಡೆಯ ಬಡವ. ಗುಮಾನಿಗೆ ಇನ್ನೇನು ಬೇಕು? ಕೆರೆ ಸಮಿತಿಯ ಅಧ್ಯಕ್ಷ ನರಸಿಂಹಯ್ಯ ಅವನನ್ನು ನಿಂತ ಕಾಲಲ್ಲೇ ಕೆಲಸದಿಂದ ತೆಗೆದರು. ಕೆಲಸದ ಜೊತೆ ತಗಡಿನ ಕೋಣೆಯೂ ಹೋಯಿತು. ಹಕ್ಕಿಪ್ರಿಯರ ವಾಟ್ಸಾಪ್ ಗ್ರೂಪಿನಲ್ಲಿ ಅಂಜನ್ ಹಾಕಿದ ಅವನ ಫೋಟೊ 'ಕಳ್ಳ' ಎಂಬ ಹೆಸರು ಹೊತ್ತು ಓಡಾಡತೊಡಗಿತು. ಮಧ್ಯಾಹ್ನದ ಹೊತ್ತಿಗೆ ಅವನು ಠಾಣೆಯೊಳಗಿದ್ದ; ಹೆಂಡತಿ ಹೊಳೆವ್ವ ಪಾತ್ರೆಗಳ ಗಂಟಿನೊಂದಿಗೆ ಠಾಣೆಯ ಮುಂದೆ ಕೂತಿದ್ದಳು.

* * *

ಸಬ್‌ಇನ್‌ಸ್ಪೆಕ್ಟರ್ ಶಶಿಕಲಾಗೆ ಕಾಗೆ, ಕೋಳಿ ಬಿಟ್ಟರೆ ಬೇರೆ ಹಕ್ಕಿಯ ಪರಿಚಯವಿರಲಿಲ್ಲ.

"ಅದೇನ್ರೀ ಅಂಥಾ ಮಿಂಚುಳ್ಳಿ?"

"ಕರಿತಲೆ ಮಿಂಚುಳ್ಳಿ ಮೇಡಂ. ಸಮುದ್ರದ ಕಡೆ ಹಕ್ಕಿ. ಇಲ್ಲಿಗೆ ಬರೋದೇ ಅಪರೂಪ," ಎಂದ ಅಂಜನ್. "ಬೆಳಿಗ್ಗೆ ಕಂಡ್ತು. ಫೋಟೊ ಹೊಡ್ದೆ. ಗ್ರೂಪಿಗೆ ಮೆಸೇಜ್ ಹಾಕಿ ಟೀ ಕುಡಿಯೋಕೆ ಹೋದೆ. ಕಾರ್ ಲಾಕ್ ಮಾಡೋದು ಮರ್ತುಬಿಟ್ಟೆ."

"ಬೇರೆ ಯಾರಾದ್ರೂ ಹಕ್ಕಿ ನೋಡಿದ್ರಾ?"

"ಇಲ್ಲ. ನಾನೊಬ್ನೇ."

ಕಳೆದುಕೊಂಡವನ ದನಿಯಲ್ಲಿ ದುಃಖಕ್ಕಿಂತ ಹೆಮ್ಮೆಯೇ ಹೆಚ್ಚಿತ್ತು.

ಅಷ್ಟರಲ್ಲಿ ಪೇದೆ ಗಂಗಪ್ಪ ಕಾಡಪ್ಪನ ಕೋಣೆಯಿಂದ ದುರ್ಬೀನು ಹಿಡಿದು ಬಂದ. "ಸಿಕ್ಕಿಬಿದ್ದ ಮೇಡಂ!"

"ಅದು ಸಿದ್ಧಾರ್ಥ್ ಸಾಹೇಬ್ರು ಕೊಟ್ಟಿದ್ರೀ," ಎಂದ ಕಾಡಪ್ಪ. "ಹಳೇದಾತು, ಇಟ್ಕೋ ಅಂದ್ರು."

* * *

ಸಿದ್ಧಾರ್ಥ್ ಅದೇ ಗ್ರೂಪಿನವನು. ಕಾಡಪ್ಪ ಹೇಳಿದ್ದು ನಿಜವೆಂದ. ಗಂಗಪ್ಪ ಕೂಡಲೇ ಕಳ್ಳನನ್ನು ಬದಲಾಯಿಸಿ, ಶಶಿಕಲಾ ಕಿವಿಯಲ್ಲಿ ಪಿಸುಗುಟ್ಟಿದ: "ಇವ್ನೇ ಮೇಡಂ. ಹೊಟ್ಟೆಕಿಚ್ಚು."

ಸಿದ್ಧಾರ್ಥನಿಗೆ ಕೇಳಿಸಿತು. ಮುಚ್ಚುಮರೆ ಮಾಡಲಿಲ್ಲ. "ಹೌದು, ಹೊಟ್ಟೆ ಉರೀತಿದೆ! ಹೋದ ವಾರ ನಾನು ಕುಂದಾಪುರದ ಹಿನ್ನೀರಲ್ಲಿ, ಉಪ್ಪುನೀರಲ್ಲಿ ಬೆಳೆಯೋ ಕಾಂಡ್ಲಾ ಗಿಡಗಳ ಮಧ್ಯೆ ಮಂಡಿಯುದ್ದ ಕೆಸರಲ್ಲಿ ನಿಂತು ಇದೇ ಹಕ್ಕೀನ ಕ್ಯಾಮೆರಾದಲ್ಲಿ ಹಿಡ್ದೆ. ಅಂಜನ್‌ಗೆ ಮನೆ ಬಾಗಿಲಿಗೇ ಬಂತಂತೆ! ಆದ್ರೆ ಕದಿಯೋನಲ್ಲ. ಇವತ್ತು ಭಾನುವಾರವಾದ್ರೂ ಬೆಳಿಗ್ಗೆಯಿಂದ ಬೆಳ್ಳಂದೂರಿನ ಆಫೀಸಲ್ಲಿದ್ದೆ, ವಿಚಾರಿಸ್ಕೊಳ್ಳಿ."

ವಿಚಾರಿಸಿದರು. ನಿಜವಾಗಿತ್ತು.

ಅವನು ಮೊಬೈಲಿನಲ್ಲಿ ತನ್ನ ಮಿಂಚುಳ್ಳಿ ತೋರಿಸಿದ. ಕ್ಯಾಮೆರಾದ ಪರದೆ, ಅದರೊಳಗೆ ಹಕ್ಕಿ, ಅಂಚಿನಲ್ಲಿ ಕೆಸರು ಮೆತ್ತಿದ ಹೆಬ್ಬೆರಳು.

"ಇದ್ಯಾಕ್ರೀ ಹಿಂಗಿದೆ?"

"ಕೆಸರಲ್ಲಿ ನಿಂತಿದ್ದಾಗ್ಲೇ ಪರದೇನ ಮೊಬೈಲಲ್ಲಿ ಹೊಡ್ದು ಗ್ರೂಪಿಗೆ ಹಾಕ್ಬಿಟ್ಟೆ. ನಾವೆಲ್ಲಾ ಹಂಗೇ. ಮನೆಗೆ ಹೋಗೋ ತನಕ ಯಾರು ಕಾಯ್ತಾರೆ ಮೇಡಂ?"

"ಅಂಜನ್ನೂ?"

"ಅವ್ನು ಗುಬ್ಬಚ್ಚಿ ಕಂಡ್ರೂ ಹಾಕ್ತಾನೆ."

* * *

ಮರುದಿನ ಅಂಜನ್, ಸಿದ್ಧಾರ್ಥ್, ನರಸಿಂಹಯ್ಯ ಮೂವರನ್ನೂ ಶಶಿಕಲಾ ಠಾಣೆಗೆ ಕರೆಸಿದರು. ಕಾಡಪ್ಪ ಮೂಲೆಯ ಬೆಂಚಿನ ಮೇಲಿದ್ದ. ಮೇಜಿನ ಮೇಲೊಂದು ಕಪ್ಪು ಬ್ಯಾಗ್, ಅಂಜನ್ ದೂರಿನಲ್ಲಿ ಬರೆಸಿದಂಥದ್ದೇ; ಜಿಪ್ ಹಾಕಿತ್ತು.

"ಕ್ಯಾಮೆರಾ ಪೊದೆಯಲ್ಲಿ ಸಿಕ್ತು. ಮಿಂಚುಳ್ಳಿ ಫೋಟೊ ಸಕ್ಕತ್ತಾಗಿ ಬಂದಿದೆ ಕಣ್ರೀ."

ಸಿದ್ಧಾರ್ಥ್ ಎದ್ದು ನುಗ್ಗಿದ. ನರಸಿಂಹಯ್ಯ ಕನ್ನಡಕ ಹುಡುಕಿದರು. ಅಂಜನ್ ಮಾತ್ರ ಕುರ್ಚಿ ಬಿಟ್ಟೇಳಲಿಲ್ಲ.

"ಅದು ನಂದಲ್ಲ," ಎಂದ.

"ಬ್ಯಾಗ್ ಇನ್ನೂ ಬಿಚ್ಚೇ ಇಲ್ವಲ್ಲ? ನಿಮ್ಮದು ಬೇರೆ ಕಡೆ ಇದೆ ಅಂತ ನಿಮಗೊಬ್ರಿಗೇ ಗೊತ್ತು, ಅಲ್ವಾ? ಇದು ನಮ್ಮ ಠಾಣೇದು."

ಅಂಜನ್ ಬಾಗಿಲ ಕಡೆ ನೋಡಿದ.

"ಗುಬ್ಬಚ್ಚಿ ಫೋಟೊ ಹಾಕೋರು, ಕಡಲ ಹಕ್ಕಿ ಸಿಕ್ಕಾಗ ಬರೀ ಮೆಸೇಜ್ ಹಾಕಿ ಟೀಗೆ ಹೋದ್ರಾ?" ಎಂದರು ಶಶಿಕಲಾ. "ಊರವರ ಹೊಟ್ಟೆ ಉರಿಸೋ ಅವಕಾಶಾನ ನೀವು ಬಿಡ್ತೀರಾ? ಫೋಟೊನೇ ಇರ್ಲಿಲ್ಲ. ಫೋಟೊ ಇಲ್ದೇ ಇದ್ದಿದ್ದಕ್ಕೆ ಕ್ಯಾಮೆರಾ ಕಳೀಬೇಕಾಯ್ತು. ಎಲ್ಲಿದೆ?"

"ಆಫೀಸ್ ಲಾಕರಲ್ಲಿ." "ಕುಂದಾಪುರಕ್ಕೆ ನಂಗೆ ರಜೆ ಸಿಗ್ಲಿಲ್ಲ. ಇವ್ನು ಹೋಗ್ಬಂದ. ಗ್ರೂಪಲ್ಲಿ ವಾರವೆಲ್ಲಾ ಇವ್ನದೇ ಜಪ. ತಡ್ಕೊಳ್ಳೋಕಾಗ್ಲಿಲ್ಲ, ಸುಮ್ನೆ ಒಂದು ಸುಳ್ಳು ಹಾಕ್ದೆ. ತಕ್ಷಣ ಎಲ್ರೂ ಫೋಟೊ ಕೇಳಿದ್ರು. ಕ್ಯಾಮೆರಾ ಬಚ್ಚಿಟ್ಟು ಬಂದು, ಕಳುವಾಯ್ತು ಅಂದ್ಬಿಟ್ಟೆ."

"ಅಂದ್ರೆ ಹಕ್ಕಿ ಬಂದೇ ಇರ್ಲಿಲ್ವಾ?" ಸಿದ್ಧಾರ್ಥ್ ನಿಟ್ಟುಸಿರು ಬಿಟ್ಟ. "ಸದ್ಯ!" ಕಾಡಪ್ಪನ ಕಡೆ ಅವನೂ ತಿರುಗಿ ನೋಡಲಿಲ್ಲ.

ನರಸಿಂಹಯ್ಯ ತಲೆ ತಗ್ಗಿಸಿ, "ನಾಳೆಯಿಂದ ಕೆಲ್ಸಕ್ಕೆ ಬಾರಪ್ಪ," ಎಂದರು.

"ಅಷ್ಟು ಸಾಲ್ದು," ಎಂದರು ಶಶಿಕಲಾ. "ಅಂಜನ್, ಗ್ರೂಪಿಗೆ ಬರೀರಿ. ಕಾಡಪ್ಪ ಕಳ್ಳ ಅಲ್ಲ, ನಾನು ಹಕ್ಕಿ ನೋಡೇ ಇಲ್ಲ ಅಂತ."

ಮೊದಲ ಮಾತನ್ನು ಅಂಜನ್ ಸರಸರನೆ ಬರೆದ. ಎರಡನೆಯದಕ್ಕೆ ಬೆರಳು ನಿಂತಿತು. ಕೈ ಮುಗಿದ.

"ಕೇಸ್ ಹಾಕಿ ಮೇಡಂ, ಒಳಗೆ ಕೂರಿಸಿ. ಹಕ್ಕಿ ವಿಷ್ಯ ಮಾತ್ರ ಬೇಡ."

"ಕೇಸೂ ಹಾಕ್ತೀನಿ. ಬರೀರಿ."

ಬಾಗಿಲಲ್ಲಿ ನಿಂತಿದ್ದ ಹೊಳೆವ್ವ ಒಳಗೆ ಬಂದಳು. "ಯಪ್ಪಾ, ನನ್ನ ಗಂಡನ ಮಾರಿ ಊರಿಗೆಲ್ಲಾ ತೋರಿಸ್ದಾಗ ನಿಮಗ ಇಷ್ಟು ನಾಚಿಕಿ ಆಗಿದ್ದಿಲ್ಲಲ್ರೀ?"

ಅಂಜನ್ ಮೊಬೈಲಿಗೆ ಬಾಗಿ, ಉಳಿದದ್ದನ್ನೂ ಬರೆದು ಕಳಿಸಿದ.